ಉಟ್ಟದ್ದೂ ಅಲ್ಲ, ತೊಟ್ಟದ್ದೂ ಅಲ್ಲ: ಇಸ್ಸೆ ಮಿಯಾಕೆ ನೆನಪಿನಲ್ಲಿ

ಸ್ನೇಹಿತರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಇಂಥ ಸಭೆ ನಾವು ನೆನೆಯುತ್ತಿರುವ ಮನುಷ್ಯನಿಗೆ ಬೇಕಾಗಿರಲಿಲ್ಲ. 2022ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಜಪಾನಿನ ಉಡುಪು ವಿನ್ಯಾಸಕಾರ ಇಸ್ಸೆ ಮಿಯಾಕೆ ತೀರಿಕೊಂಡರು. ಯಕೃತ್ತಿನ ಕ್ಯಾನ್ಸರ್ ಇತ್ತು, 84 ವರ್ಷವಾಗಿತ್ತು. ಸುದ್ದಿ ಹೊರಗೆ ಬಂದದ್ದು 9ರಂದು. ಅಷ್ಟು ಹೊತ್ತಿಗೆ ಮನೆಯವರು ಅಂತ್ಯಕ್ರಿಯೆ ಮುಗಿಸಿದ್ದರು. ಸಾರ್ವಜನಿಕ ಶ್ರದ್ಧಾಂಜಲಿ ಬೇಡವೆಂಬುದು ಅವರದೇ ಇಚ್ಛೆಯಾಗಿತ್ತು. ಹಿರೋಶಿಮಾದಲ್ಲಿ ಹುಟ್ಟಿದವರು, ಅಲ್ಲಿ ಅಣುಬಾಂಬು ಬಿದ್ದ ಆಗಸ್ಟ್ 6ರ ಹಿಂದಿನ ದಿನ ಹೋದರು, ನಾಗಸಾಕಿಯ ದಿನ ಜಗತ್ತಿಗೆ ತಿಳಿಯಿತು. ಇದರಲ್ಲಿ ಅರ್ಥ ಹುಡುಕಬಾರದು ಎಂದುಕೊಂಡಿದ್ದೇನೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನುವುದು ಹೇಗೆ?

ಹಾಗಾಗಿ ಇಲ್ಲಿ ಭಾವಚಿತ್ರ ಇಟ್ಟಿಲ್ಲ, ಹಾರ ಹಾಕಿಲ್ಲ. ಮೇಜಿನ ಮೇಲೆ ಇರುವುದು ಒಂದು ದೊಡ್ಡ ಹಾಳೆ, ಒಂದು ಕತ್ತರಿ, ಒಂದು ಮಾರು ಪಾಲಿಯೆಸ್ಟರ್ ಬಟ್ಟೆ. (ಮಾತನ್ನು ಬರಹಕ್ಕಿಳಿಸುವಾಗ ಈ ಮೂರನ್ನೂ ಕೈಬಿಡಬೇಕಾಗಿ ಬಂದಿದೆ. ಓದುವವರು ತಮ್ಮ ಕೈಗೆ ಒಂದು ಕಾಗದ ತೆಗೆದುಕೊಂಡರೆ ನನ್ನ ಕೆಲಸ ಹಗುರಾಗುತ್ತದೆ.)

ನಮ್ಮ ಭಾಷೆಯಲ್ಲಿ ಬಟ್ಟೆಗೆ ಎರಡು ಕ್ರಿಯಾಪದಗಳಿವೆ. ಸೀರೆ ಉಡುತ್ತೇವೆ, ಪಂಚೆ ಉಡುತ್ತೇವೆ. ಅಂಗಿ ತೊಡುತ್ತೇವೆ, ಕುಪ್ಪಸ ತೊಡುತ್ತೇವೆ. ಯಾರೂ ಸೀರೆ ತೊಟ್ಟಳು ಎನ್ನುವುದಿಲ್ಲ. ಹಾಗೆಂದರೆ ಮಗುವೂ ನಗುತ್ತದೆ. ಉಡುವ ಬಟ್ಟೆಗೆ ತನ್ನದೆಂಬ ಆಕಾರವಿಲ್ಲ. ಉಡುವವರ ಕೈ ಅದಕ್ಕೆ ದಿನವೂ ಹೊಸದಾಗಿ ಆಕಾರ ಕೊಡುತ್ತದೆ, ಬಿಚ್ಚಿಟ್ಟರೆ ಮತ್ತೆ ಬರೀ ಬಟ್ಟೆ. ತೊಡುವ ಬಟ್ಟೆಯಲ್ಲಿ ಆಕಾರವನ್ನು ದರ್ಜಿ ಮೊದಲೇ ತೀರ್ಮಾನಿಸಿರುತ್ತಾನೆ. ನಾವು ಅದರೊಳಗೆ ಇಳಿಯುತ್ತೇವೆ, ಅದು ಒಪ್ಪಿದರೆ ಒಪ್ಪಿತು, ಇಲ್ಲವಾದರೆ ತಪ್ಪು ನಮ್ಮ ಮೈಯದು. ಮಿಯಾಕೆಗೆ ಕನ್ನಡ ಗೊತ್ತಿರಲಿಲ್ಲ. ಆದರೂ ಅವರು ಐವತ್ತು ವರ್ಷ ಕೆಲಸ ಮಾಡಿದ್ದು ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ ಎಂದೇ ನನ್ನ ನಂಬಿಕೆ. ಇವತ್ತು ನಾನು ಹೇಳಲು ಬಂದದ್ದು ಇಷ್ಟೇ.

ಅವರ ನಾಡಿನಲ್ಲೂ ಈ ಭೇದ ಬೇರೆ ರೂಪದಲ್ಲಿದೆ. ಕಿಮೊನೊಗೆ ಬೇಕಾಗುವುದು ಸುಮಾರು 12 ಮೀಟರ್ ಉದ್ದದ, ಒಂದು ಮೊಳಕ್ಕಿಂತಲೂ ಕಿರಿದಾದ ಅಗಲದ ಒಂದು ಸುರುಳಿ ಬಟ್ಟೆ. ಅದನ್ನು ನೇರ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಬಳುಕಿನ ಕತ್ತರಿಕೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಚಿಂದಿ ಉಳಿಯುವುದೂ ಕಡಿಮೆ. ಹಿಂದೆ ಒಗೆಯಬೇಕಾದಾಗ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಮತ್ತೆ ಒಂದೇ ಉದ್ದದ ಬಟ್ಟೆಯಾಗಿ ಜೋಡಿಸಿ ಒಗೆದು ಒಣಗಿಸುತ್ತಿದ್ದರು. ಅಂದರೆ ಬಟ್ಟೆ ತಾನು ಬಟ್ಟೆಯಾಗಿದ್ದನ್ನು ಮರೆಯುತ್ತಿರಲಿಲ್ಲ. ಯೂರೋಪಿನ ಉಡುಪು ಇದಕ್ಕೆ ತದ್ವಿರುದ್ಧ: ಎದೆಗೊಂದು ಬಳುಕು, ಸೊಂಟಕ್ಕೊಂದು ಬಳುಕು, ತೋಳಿನ ಬುಡಕ್ಕೊಂದು, ದರ್ಜಿಯ ಕಾಲಬುಡದಲ್ಲಿ ಚಿಂದಿಯ ರಾಶಿ.

ಮಿಯಾಕೆ ಈ ಎರಡನೆಯ ವಿದ್ಯೆಯನ್ನು ಅದರ ತವರಿಗೇ ಹೋಗಿ ಕಲಿತರು. ಅವರು ಓದಿದ್ದು ಟೋಕಿಯೊದ ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ, ಗ್ರಾಫಿಕ್ ವಿನ್ಯಾಸ. 1960ರಲ್ಲಿ ಅಲ್ಲಿ ವಿಶ್ವ ವಿನ್ಯಾಸ ಸಮ್ಮೇಳನ ನಡೆದಾಗ, ಇಷ್ಟೆಲ್ಲ ವಸ್ತುಗಳ ಚರ್ಚೆಯಲ್ಲಿ ಉಡುಪು ಏಕಿಲ್ಲ ಎಂದು ಕೇಳಿ ಸಂಘಟಕರಿಗೆ ಪತ್ರ ಬರೆದ ಹುಡುಗ ಇವರು. 1965ರಲ್ಲಿ ಪ್ಯಾರಿಸ್‌ಗೆ ಹೋದರು. ಗೀ ಲಾರೋಶ್ ಎಂಬ ಉಡುಪು ವಿನ್ಯಾಸಕಾರರ ಬಳಿ, ಆಮೇಲೆ ಜಿವಾಂಶಿ ಎಂಬ ಇನ್ನೊಬ್ಬ ವಿನ್ಯಾಸಕಾರರ ಬಳಿ ಕೆಲಸ ಮಾಡಿದರು. ಒಬ್ಬ ಶ್ರೀಮಂತ ಹೆಂಗಸಿಗಾಗಿ ಒಂದೇ ಒಂದು ಉಡುಪನ್ನು ವಾರಗಟ್ಟಲೆ ಹೊಲಿಯುವ ಜಗತ್ತು ಅದು. 1968ರ ಮೇ ತಿಂಗಳಲ್ಲಿ ಅದೇ ಊರಿನ ಬೀದಿಗಳಲ್ಲಿ ದಂಗೆಯೆದ್ದ ವಿದ್ಯಾರ್ಥಿಗಳು ನೆಲಕ್ಕೆ ಹಾಸಿದ ಕಲ್ಲು ಕೀಳುತ್ತಿದ್ದರು. ಮಿಯಾಕೆ ಅದನ್ನು ಕಣ್ಣಾರೆ ಕಂಡರು. ಕೆಲವರಿಗಾಗಿ ಹೊಲಿಯುವ ಈ ಕೆಲಸ ತನ್ನದಲ್ಲ, ಜೀನ್ಸ್ ಮತ್ತು ಟಿ-ಶರ್ಟಿನಂತೆ ಯಾರು ಬೇಕಾದರೂ ಹಾಕಿಕೊಳ್ಳುವಂಥದ್ದನ್ನು ಮಾಡಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿ. ನ್ಯೂಯಾರ್ಕಿನಲ್ಲಿ ಜೆಫ್ರಿ ಬೀನ್ ಎಂಬ ವಿನ್ಯಾಸಕಾರರ ಬಳಿ ಸ್ವಲ್ಪ ಕಾಲ ಇದ್ದು, 1970ರಲ್ಲಿ ಟೋಕಿಯೊಗೆ ಮರಳಿ ತಮ್ಮದೇ ಸ್ಟುಡಿಯೊ ಆರಂಭಿಸಿದರು. 1973ರಿಂದ ಪ್ಯಾರಿಸ್‌ನಲ್ಲಿ ಪ್ರದರ್ಶನ.

ಅವರ ಇಡೀ ಕೆಲಸಕ್ಕೆ ಅವರೇ ಕೊಟ್ಟ ಹೆಸರು ‘ಒಂದು ತುಂಡು ಬಟ್ಟೆ’. ಜಪಾನಿ ಲಿಪಿಯಲ್ಲಿ ಈ ಮಾತು ‘ಒಂದು’ ಎಂಬ ಅಡ್ಡಗೆರೆಯಿಂದ ಶುರುವಾಗುತ್ತದೆ. ಇಸ್ಸೆ ಎಂಬ ಅವರ ಹೆಸರೂ ಅದೇ ಅಡ್ಡಗೆರೆಯಿಂದ ಶುರುವಾಗುತ್ತದೆ. ಆ ಹೆಸರಿನ ಅಕ್ಷರಗಳ ಅರ್ಥ ‘ಒಂದು ಬಾಳು’.

ಶುರುವಿನ ವರ್ಷಗಳಲ್ಲಿ ಅವರು ಕೈಹಾಕದ ವಸ್ತು ಇಲ್ಲ. ರೈತರೂ ಬೆಂಕಿ ಆರಿಸುವವರೂ ಹಾಕಿಕೊಳ್ಳುತ್ತಿದ್ದ, ಕೌದಿಯಂತೆ ಹೊಲಿಗೆ ಹಾಯಿಸಿದ ಸಾಶಿಕೊ ಬಟ್ಟೆಯಲ್ಲಿ ಕೋಟು ಮಾಡಿದರು. 1976ರಲ್ಲಿ ರೂಪದರ್ಶಿ ಗ್ರೇಸ್ ಜೋನ್ಸ್ ಸೇರಿದಂತೆ ಹನ್ನೆರಡು ಕಪ್ಪು ಮಹಿಳೆಯರನ್ನೇ ಜಪಾನಿನ ವೇದಿಕೆಗೆ ಕರೆತಂದು ಪ್ರದರ್ಶನ ನಡೆಸಿದರು. 1980ರಲ್ಲಿ ಹೆಣ್ಣಿನ ಮುಂಡದ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಕವಚ. ಆಮೇಲೆ ಬೆತ್ತದಲ್ಲಿ ಹೆಣೆದ ಒಂದು ಎದೆಗವಚ. ಅದು 1982ರ ಫೆಬ್ರವರಿಯಲ್ಲಿ ‘ಆರ್ಟ್‌ಫೋರಮ್’ ಎಂಬ ಕಲಾಪತ್ರಿಕೆಯ ಮುಖಪುಟಕ್ಕೇ ಬಂತು. ಉಡುಪೊಂದು ಆ ಜಾಗಕ್ಕೆ ಏರಿದ್ದು ದೊಡ್ಡ ಸುದ್ದಿಯಾಯಿತು.

ಮಿಯಾಕೆ ಎಂದ ಕೂಡಲೇ ಬಹಳ ಜನ ತೋರಿಸುವುದು ಈ ಕವಚಗಳ ಚಿತ್ರವನ್ನು. ನನಗೆ ಮಾತ್ರ ಅವು ಅವರ ಉತ್ತಮ ಕೆಲಸ ಅನ್ನಿಸುವುದಿಲ್ಲ. ಚಿತ್ರಕ್ಕೆ ಚೆಂದ, ಹಾಕಿಕೊಂಡು ಬಗ್ಗಲಾಗದು. ಅಲ್ಲಿ ಮಿಯಾಕೆ ಶಿಲ್ಪಿ, ಹಾಕಿಕೊಂಡವಳು ಪೀಠ. ಅವರಿಗೂ ಹಾಗೆ ಅನ್ನಿಸಿರಬೇಕು, ಏಕೆಂದರೆ ಮುಂದಿನ ದಾರಿ ಪೂರ್ತಿ ಬೇರೆ ದಿಕ್ಕಿಗೆ ಹೊರಳಿತು.

ಈಗ ಹಾಳೆ ಎತ್ತಿಕೊಳ್ಳೋಣ.

ನೆರಿಗೆ ಹೊಸದೇನಲ್ಲ. ಈಜಿಪ್ಟಿನವರಿಗೆ ಗೊತ್ತಿತ್ತು. ನಮ್ಮ ಶಿಲ್ಪಗಳ ಸೊಂಟದ ಮೇಲೆಯೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆನಿಸ್‌ನ ಮಾರಿಯಾನೊ ಫೋರ್ಚುನಿ ರೇಷ್ಮೆಯಲ್ಲಿ ಕೂದಲೆಳೆಯಂಥ ನೆರಿಗೆ ಹಾಕಿ ‘ಡೆಲ್ಫೋಸ್’ ಎಂಬ ಉಡುಪು ಮಾಡಿದ್ದರು. ಆದರೆ ರೇಷ್ಮೆ ನೆರಿಗೆಯನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಬಿದ್ದರೆ ಸಡಿಲಾಗುತ್ತದೆ. ಮತ್ತೆ ನೆರಿಗೆ ಹಾಕಿಸಲು ಉಡುಪನ್ನು ಫೋರ್ಚುನಿಗೇ ಕಳಿಸಬೇಕಿತ್ತು. ಅವರು ವಿಧಾನವನ್ನು ಗುಟ್ಟಾಗಿಟ್ಟುಕೊಂಡರು. 1949ರಲ್ಲಿ ಅವರು ಸತ್ತಾಗ ಗುಟ್ಟೂ ಜೊತೆಗೆ ಹೋಯಿತು.

ಸಾಮಾನ್ಯ ಕ್ರಮ ಹೀಗೆ: ಮೊದಲು ಬಟ್ಟೆಗೆ ನೆರಿಗೆ ಹಾಕು, ಆಮೇಲೆ ಕತ್ತರಿಸು, ಹೊಲಿ. ಮಿಯಾಕೆ ಮತ್ತು ಅವರ ಬಳಗ 1988ರ ಸುಮಾರಿಗೆ ಈ ಕ್ರಮವನ್ನೇ ತಿರುಗಿಸಿತು. ಮೊದಲು ಕತ್ತರಿಸಿ ಹೊಲಿಯುವುದು, ಅದೂ ಬೇಕಾದ ಅಳತೆಯ ಎರಡೂವರೆ ಮೂರು ಪಟ್ಟು ದೊಡ್ಡದಾಗಿ. ಆ ಹಂತದಲ್ಲಿ ಅಂಗಿಯನ್ನು ನೋಡಿದರೆ ರಾಕ್ಷಸನದು ಎನ್ನಬೇಕು. ಅದನ್ನು ಎರಡು ಕಾಗದಗಳ ನಡುವೆ ಇಟ್ಟು ನೆರಿಗೆ ಯಂತ್ರದೊಳಗೆ ಬಿಡುತ್ತಾರೆ. ಯಂತ್ರ ಕಾಗದವನ್ನೂ ಅಂಗಿಯನ್ನೂ ಒಟ್ಟಿಗೆ ಮಡಚಿ ಶಾಖದಲ್ಲಿ ಒತ್ತುತ್ತದೆ. ಹೊರಬಂದ ಮೇಲೆ ಕಾಗದ ಬಿಡಿಸಿದರೆ ಒಳಗೆ ಮನುಷ್ಯರ ಅಳತೆಯ ಅಂಗಿ. ಪಾಲಿಯೆಸ್ಟರ್ ಶಾಖಕ್ಕೆ ಮೆದುವಾಗಿ, ತಣಿದಾಗ ಆ ಆಕಾರದಲ್ಲೇ ನಿಲ್ಲುವ ನೂಲು. ಹಾಗಾಗಿ ನೆರಿಗೆ ಅದರ ನೆನಪಾಗಿಬಿಡುತ್ತದೆ. ಯಂತ್ರದಲ್ಲಿ ಒಗೆದರೂ ಹೋಗದು, ಇಸ್ತ್ರಿ ಬೇಡ, ಚಾಪೆಯಂತೆ ಸುರುಳಿ ಸುತ್ತಿ ಚೀಲಕ್ಕೆ ತುರುಕಬಹುದು.

ಕೈಯಲ್ಲಿರುವ ಹಾಳೆಯನ್ನು ಬೀಸಣಿಗೆಯಂತೆ ಮಡಚಿ, ಎರಡು ತುದಿ ಹಿಡಿದು ಎಳೆದು ಬಿಡಿ. ಹಿಗ್ಗಿ ತನ್ನಷ್ಟಕ್ಕೆ ಕುಗ್ಗುತ್ತದೆ. ಮೂರು ಪಟ್ಟು ಬಟ್ಟೆ ಆ ಮಡಿಕೆಗಳಲ್ಲಿ ಅಡಗಿ ಕುಳಿತಿದೆ. ನೀವು ಕೈ ಎತ್ತಿದಾಗ, ಕಾಲು ಚಾಚಿದಾಗ ಅದು ಕೇಳದೆಯೇ ಬಿಚ್ಚಿಕೊಡುತ್ತದೆ. ದಪ್ಪಗಿನವರಿಗೂ ತೆಳ್ಳಗಿನವರಿಗೂ ಒಂದೇ ಅಂಗಿ ಸಾಕಾಗುವುದು ಹೀಗೆ. ತೋಳು ತೂರಿಸಿ ಹಾಕಿಕೊಳ್ಳುವುದರಿಂದ ಇದು ತೊಡುವ ಬಟ್ಟೆಯೇ. ಆದರೆ ಆಕಾರ ಕೊಡುವುದು ನಿಮ್ಮ ಮೈ, ನಿಮ್ಮ ಚಲನೆ. ಆ ಲೆಕ್ಕದಲ್ಲಿ ಉಟ್ಟ ಹಾಗೆ. ನನ್ನ ವ್ಯಾಕರಣ ಇಲ್ಲಿ ಸೋಲುತ್ತದೆ, ಮತ್ತು ಸೋತದ್ದಕ್ಕೆ ಸಂತೋಷವಿದೆ.

ಇದರ ಪರೀಕ್ಷೆ ನಡೆದದ್ದು ನೃತ್ಯಗಾರರ ಮೈಮೇಲೆ. 1991ರಲ್ಲಿ ನೃತ್ಯ ಸಂಯೋಜಕ ವಿಲಿಯಂ ಫೋರ್ಸೈತ್ ಅವರ ಫ್ರಾಂಕ್‌ಫರ್ಟ್ ಬ್ಯಾಲೆಗೆ ಮಿಯಾಕೆ ನೆರಿಗೆಯ ಉಡುಪು ಮಾಡಿಕೊಟ್ಟರು. ಜಿಗಿಯುವ, ಬೀಳುವ, ತಿರುಚುವ ಮೈಗಳನ್ನು ಈ ಬಟ್ಟೆ ತಾಳಿಕೊಂಡಿತು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ಸೋವಿಯತ್ ಒಕ್ಕೂಟದಿಂದ ಆಗತಾನೇ ಬಿಡುಗಡೆಯಾಗಿದ್ದ ಲಿಥುವೇನಿಯಾದ ತಂಡಕ್ಕೂ ಅವರದೇ ಸಮವಸ್ತ್ರ. 1993ರಲ್ಲಿ ‘ಪ್ಲೀಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು.

ಈ ಉಪನ್ಯಾಸ ಒಪ್ಪಿಕೊಂಡ ಮೇಲೆ ನಾನೂ ಒಂದು ಪ್ರಯತ್ನ ಮಾಡಿದೆ. ಹಳೆಯ ಪಾಲಿಯೆಸ್ಟರ್ ಮೇಲುವಸ್ತ್ರವನ್ನು ಎರಡು ಕಾಗದಗಳ ನಡುವೆ ಇಟ್ಟು, ಮಡಚಿ, ಇಸ್ತ್ರಿಪೆಟ್ಟಿಗೆ ಒತ್ತಿದೆ. ಮೊದಲ ಸಲ ಶಾಖ ಸಾಲದೆ ನೆರಿಗೆ ನಿಲ್ಲಲಿಲ್ಲ, ಎರಡನೆಯ ಸಲ ಹೆಚ್ಚಾಗಿ ಬಟ್ಟೆ ಕಾಗದಕ್ಕೇ ಅಂಟಿತು. ಮೂರನೆಯ ಸಲ ಅಂಗೈ ಅಗಲದಷ್ಟು ಜಾಗದಲ್ಲಿ ಚೆನ್ನಾಗಿ ಬಂತು, ಉಳಿದೆಡೆ ಬರೀ ಸುಕ್ಕು. ಸುಕ್ಕಿಗೂ ನೆರಿಗೆಗೂ ಏನು ವ್ಯತ್ಯಾಸ ಎಂದು ಕೇಳಿದರೆ ಈಗ ಅನುಭವದಿಂದ ಹೇಳಬಲ್ಲೆ. ಮೇಜಿನ ಮೇಲಿರುವುದು ಅದೇ ಬಟ್ಟೆ. ನಗಬಹುದು.

ನೆರಿಗೆ ಗೆದ್ದ ಮೇಲೆ ಬೇರೆಯವರಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ಅವರ ಹೆಸರಿನ ಸುಗಂಧದ್ರವ್ಯದ ಶೀಶೆಗಳೂ ಜಗತ್ತಿನಾದ್ಯಂತ ಮಾರಾಟವಾಗುತ್ತಿದ್ದವು, ಹಣದ ಚಿಂತೆ ಇರಲಿಲ್ಲ. ಮಿಯಾಕೆ ಕತ್ತರಿಯ ಪ್ರಶ್ನೆಗೆ ಮರಳಿದರು. 1990ರ ದಶಕದ ಕೊನೆಯಲ್ಲಿ ದಾಯ್ ಫುಜಿವಾರಾ ಎಂಬ ಕಿರಿಯ ಸಹೋದ್ಯೋಗಿಯ ಜೊತೆ ಸೇರಿ ಅವರು ಮಾಡಿದ್ದು ‘ಎ-ಪಾಕ್’. ಒಂದು ತುಂಡು ಬಟ್ಟೆ ಎಂಬ ಮಾತಿನ ಇಂಗ್ಲಿಷ್ ಮೊದಲಕ್ಷರಗಳು. ಕಂಪ್ಯೂಟರಿಗೆ ಸೂಚನೆ ಕೊಟ್ಟರೆ ಹೆಣಿಗೆ ಯಂತ್ರದಿಂದ ಉದ್ದನೆಯ ಕೊಳವೆಯಂಥ ಬಟ್ಟೆ ಇಳಿಯುತ್ತದೆ. ಉಡುಪು, ಟೋಪಿ, ಕೈಚೀಲ, ಕಾಲುಚೀಲ ಎಲ್ಲವೂ ಆ ಬಟ್ಟೆಯೊಳಗೆ ಗೆರೆಗಳಾಗಿ ಮೂಡಿರುತ್ತವೆ. ಕೊಂಡವರು ಮನೆಯಲ್ಲಿ ಕತ್ತರಿ ಹಿಡಿದು ಗೆರೆಯ ಮೇಲೆ ಕತ್ತರಿಸಿದರೆ ಆಯಿತು. ಎಳೆ ಬಿಚ್ಚಿಕೊಳ್ಳದ ಹಾಗೆ ಹೆಣಿಗೆ ಇರುತ್ತದೆ, ಹೊಲಿಗೆಯೇ ಬೇಡ. ತೋಳು ಉದ್ದ ಬೇಕೋ ಗಿಡ್ಡ ಬೇಕೋ, ಕತ್ತು ಎಷ್ಟು ಇಳಿಯಬೇಕು, ಎಲ್ಲ ನಿಮ್ಮ ತೀರ್ಮಾನ.

1999ರ ವಸಂತದ ಸಂಗ್ರಹಕ್ಕಾಗಿ ಪ್ಯಾರಿಸ್‌ನಲ್ಲಿ ನಡೆದ ಪ್ರದರ್ಶನದ ಚಿತ್ರ ನೋಡಿರಬಹುದು. ಹಲವು ರೂಪದರ್ಶಿಗಳು ಸಾಲಾಗಿ ಬರುತ್ತಾರೆ, ಎಲ್ಲರೂ ತೊಟ್ಟದ್ದು ಒಂದೇ ಉದ್ದನೆಯ ಕೆಂಪು ಬಟ್ಟೆ, ಒಬ್ಬರಿಂದ ಒಬ್ಬರಿಗೆ ಕಡಿಯದೆ ಹರಿದಿದೆ. ಫ್ಯಾಷನ್ ವೇದಿಕೆಯಲ್ಲಿ ನಾನು ಕಂಡ ಅತ್ಯಂತ ಸರಳ ದೃಶ್ಯ ಅದು. ಕಣ್ಣಿಗೆ ರಾಚುವುದು ಏನೂ ಇಲ್ಲ, ಆದರೂ ಅಲ್ಲಿಂದ ಕಣ್ಣು ಕೀಳಲಾಗುವುದಿಲ್ಲ. ದರ್ಜಿಯ ಕೈಯಿಂದ ಕತ್ತರಿ ತೆಗೆದು ಹಾಕಿಕೊಳ್ಳುವವರ ಕೈಗೆ ಕೊಟ್ಟ ವಿನ್ಯಾಸಕಾರ ಅದಕ್ಕೂ ಮೊದಲು ಯಾರಿದ್ದರು?

ಇಷ್ಟು ಹೊಗಳಿದ ಮೇಲೆ ಗಂಟಲಲ್ಲಿ ಸಿಕ್ಕಿಕೊಂಡಿರುವುದನ್ನೂ ಹೇಳಬೇಕು. ಜೀನ್ಸಿನಂತೆ ಎಲ್ಲರದಾಗಬೇಕು ಎಂದು ಹೊರಟ ಬಟ್ಟೆ ಎಲ್ಲರದಾಗಲಿಲ್ಲ. ಅದರ ಬೆಲೆ ಜೀನ್ಸಿನ ಹತ್ತಿರಕ್ಕೂ ಇಳಿಯಲಿಲ್ಲ. ಅದು ವಾಸ್ತುಶಿಲ್ಪಿಗಳ, ಚಿತ್ರಶಾಲೆ ನಡೆಸುವವರ ಅಘೋಷಿತ ಸಮವಸ್ತ್ರವಾಯಿತು; ವಾಸ್ತುಶಿಲ್ಪಿ ಜಹಾ ಹದೀದ್ ಅವರ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ. ನೆರಿಗೆಯ ನಕಲುಗಳು ಮಾತ್ರ ಜಗತ್ತಿನ ಎಲ್ಲ ಸಂತೆಗಳನ್ನೂ ತಲುಪಿವೆ. ಒಂದು ರೀತಿಯಲ್ಲಿ 1968ರ ಆಸೆಯನ್ನು ಈಡೇರಿಸಿದ್ದು ನಕಲು ಮಾಡಿದವರು! ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬರುವ ನೂಲು ಎಂಬ ತೊಡಕೂ ಇದೆ. ಅದು ಅವರಿಗೂ ಗೊತ್ತಿತ್ತು. 2010ರಲ್ಲಿ ‘132 5.’ ಎಂಬ ಸಾಲಿನ ಉಡುಪುಗಳನ್ನು ಮರುಬಳಕೆಯ ಪಾಲಿಯೆಸ್ಟರಿನಿಂದ ಮಾಡಿದರು. ನೆಲದ ಮೇಲೆ ಚಪ್ಪಟೆಯಾಗಿ ಮಡಚಿಟ್ಟ ನಕ್ಷತ್ರದಂಥ ಆಕೃತಿಯ ನಡುವನ್ನು ಹಿಡಿದು ಎತ್ತಿದರೆ ಉಡುಪಾಗುತ್ತದೆ. ಆ ಮಡಿಕೆಗಳ ಲೆಕ್ಕಾಚಾರದ ಹಿಂದೆ ಜುನ್ ಮಿತಾನಿ ಎಂಬ ಕಂಪ್ಯೂಟರ್ ವಿಜ್ಞಾನಿಯ ತಂತ್ರಾಂಶವಿತ್ತು.

ಈ ಹೆಸರುಗಳನ್ನು ಬೇಕೆಂದೇ ಹೇಳುತ್ತಿದ್ದೇನೆ. ನೂಲು, ನೇಯ್ಗೆಯ ಕೆಲಸದಲ್ಲಿ ದಶಕಗಳ ಕಾಲ ಅವರ ಬೆನ್ನಿಗಿದ್ದವರು ಮಾಕಿಕೊ ಮಿನಾಗವಾ. ಅಹಮದಾಬಾದಿನ ವಿನ್ಯಾಸಕಿ ಆಶಾ ಸಾರಾಭಾಯಿ ಅವರ ಜೊತೆಗೂ ಮಿಯಾಕೆ ಬಹುಕಾಲ ಕೆಲಸ ಮಾಡಿದರು. ಮಿನಾಗವಾ 2000ದಲ್ಲಿ ಶುರುಮಾಡಿದ ಸಾಲಿನ ಹೆಸರು ‘ಹಾಟ್’, ನಮ್ಮ ಉತ್ತರದವರು ಸಂತೆಗೆ ಹೇಳುವ ಮಾತೇ ಅದು. ಅಮೆರಿಕದ ಛಾಯಾಗ್ರಾಹಕ ಅರ್ವಿಂಗ್ ಪೆನ್‌ಗೆ ಮಿಯಾಕೆ ವರ್ಷ ವರ್ಷವೂ ಉಡುಪುಗಳನ್ನು ಕಳಿಸುತ್ತಿದ್ದರು, ಚಿತ್ರ ತೆಗೆಯುವಾಗ ತಾವು ಹೋಗುತ್ತಿರಲಿಲ್ಲ. ಹೇಗೆ ಹಾಕಿಸಬೇಕು, ಯಾವ ಕೋನದಿಂದ ನೋಡಬೇಕು ಎಂಬುದು ಪೆನ್ ಪಾಲಿನ ಕೆಲಸ. ಮಾಡಿದ್ದನ್ನು ಬಿಟ್ಟುಕೊಡುವುದು ಮಿಯಾಕೆಗೆ ಅಭ್ಯಾಸವಾಗಿತ್ತು. ಅರವತ್ತು ದಾಟುತ್ತಿದ್ದಂತೆ ಮುಖ್ಯ ಸಂಗ್ರಹಗಳ ಹೊಣೆಯನ್ನು ನಾವೊಕಿ ತಕಿಝಾವಾ ಅವರಿಗೆ ವಹಿಸಿ ಪ್ರಯೋಗಾಲಯಕ್ಕೆ ಹಿಂತಿರುಗಿದರು.

ಬಿಟ್ಟುಕೊಡದೆ ಇಟ್ಟುಕೊಂಡದ್ದು ಒಂದೇ, ಆ ಬೆಳಗಿನ ನೆನಪು. 1945ರಲ್ಲಿ ಅವರಿಗೆ ಏಳು ವರ್ಷ. ಬಾಂಬು ಬಿದ್ದಾಗ ಶಾಲೆಯಲ್ಲಿದ್ದರು. ವಿಕಿರಣದಿಂದ ತಾಯಿ ಮೂರು ವರ್ಷದೊಳಗೆ ತೀರಿಕೊಂಡರು. ಹತ್ತನೆಯ ವಯಸ್ಸಿಗೆ ಅವರಿಗೇ ಅಸ್ಥಿಮಜ್ಜೆಯ ಕಾಯಿಲೆ ಬಂತು, ನಡಿಗೆಯಲ್ಲಿ ಕುಂಟು ಉಳಿಯಿತು. ಈ ಬಗ್ಗೆ ಅವರು ದಶಕಗಳ ಕಾಲ ಬಾಯಿ ಬಿಡಲಿಲ್ಲ. ಕೇಳಿದರೆ ಮಾತು ತೇಲಿಸುತ್ತಿದ್ದರು. ಅಣುಬಾಂಬಿನಿಂದ ಬದುಕುಳಿದ ವಿನ್ಯಾಸಕಾರ ಎಂಬ ಪಟ್ಟಿ ಹಣೆಗೆ ಅಂಟುವುದು ಅವರಿಗೆ ಬೇಡವಾಗಿತ್ತು. ಅಧ್ಯಕ್ಷ ಒಬಾಮಾ ಅಣ್ವಸ್ತ್ರವಿಲ್ಲದ ಜಗತ್ತಿನ ಬಗ್ಗೆ ಮಾತನಾಡಿದ ಮೇಲೆ, 2009ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದು ಮೊದಲ ಬಾರಿಗೆ ಎಲ್ಲರೆದುರು ಹೇಳಿಕೊಂಡರು, ಹಿರೋಶಿಮಾಕ್ಕೆ ಬನ್ನಿ ಎಂದು ಕರೆದರು. ಒಬಾಮಾ ಹೋದದ್ದು 2016ರ ಮೇ ತಿಂಗಳಲ್ಲಿ.

ಬಾಂಬು ಬಿದ್ದ ದಿನ ಹಿರೋಶಿಮಾದಲ್ಲಿ ಕೆಲವರ ಮೈಮೇಲೆ ಅವರು ಉಟ್ಟಿದ್ದ ಬಟ್ಟೆಯ ಚಿತ್ತಾರವೇ ಸುಟ್ಟಗಾಯವಾಗಿ ಮೂಡಿತ್ತು, ಕಪ್ಪು ಬಣ್ಣ ಶಾಖವನ್ನು ಹೆಚ್ಚು ಹೀರಿದ್ದರಿಂದ. ಶಾಖದಿಂದ ಬಟ್ಟೆಗೆ ನೆನಪು ಕೊಟ್ಟ ಮನುಷ್ಯ ಬಂದದ್ದು ಅದೇ ಊರಿನಿಂದ. ಈ ಹೋಲಿಕೆ ನಿನ್ನೆ ರಾತ್ರಿ ನನಗೂ ಹೊಳೆಯಿತು, ಟಿಪ್ಪಣಿಯಲ್ಲಿ ಬರೆದುಕೊಂಡೆ, ಬೆಳಿಗ್ಗೆ ಹೊಡೆದುಹಾಕಿದೆ. ಈಗ ನಿಮ್ಮೆದುರು ಹೇಳಿಯೇಬಿಟ್ಟೆ. ಅವರು ಕೇಳಿಸಿಕೊಂಡಿದ್ದರೆ ಎದ್ದು ಹೋಗುತ್ತಿದ್ದರು. ಒಡೆಯುವುದರ ಬಗ್ಗೆ ಅಲ್ಲ, ಮಾಡುವುದರ ಬಗ್ಗೆ ಯೋಚಿಸಲು ತನಗೆ ಇಷ್ಟ ಎಂಬರ್ಥದ ಮಾತನ್ನು ಆ ಲೇಖನದಲ್ಲೇ ಬರೆದಿದ್ದಾರೆ. ಅವರ ನೆರಿಗೆಗಳಲ್ಲಿ ಬೂದಿ ಹುಡುಕುವುದು ನಮ್ಮ ಚಟ.

ಮಾತು ಮುಗಿದ ಮೇಲೆ ಸಭೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಇಲ್ಲೇ ಸೇರಿಸುತ್ತೇನೆ: ಸ್ಟೀವ್ ಜಾಬ್ಸ್ ಅವರ ಕಪ್ಪು ಅಂಗಿಯ ವಿಷಯ ಏಕೆ ಬಿಟ್ಟಿರಿ? ಮರೆತು ಬಿಟ್ಟದ್ದಲ್ಲ. ಸೋನಿ ಕಾರ್ಖಾನೆಯಲ್ಲಿ ಮಿಯಾಕೆ ಮಾಡಿದ್ದ ಸಮವಸ್ತ್ರ ಕಂಡು ಜಾಬ್ಸ್ ತಮ್ಮ ಕಂಪನಿಗೂ ಒಂದು ಬೇಕೆಂದರು, ನೌಕರರು ಕೂಗಿ ಬೇಡವೆಂದರು. ಕೊನೆಗೆ ತಮಗೊಬ್ಬರಿಗೇ ಎತ್ತರದ ಕತ್ತಿನ ಕಪ್ಪು ಅಂಗಿಗಳನ್ನು ಸುಮಾರು ನೂರು ಮಾಡಿಸಿಕೊಂಡರು. ಒಳ್ಳೆಯ ಕಥೆಯೇ. ಆದರೆ ಅದು ಜಾಬ್ಸ್ ಕಥೆ.

ನನ್ನ ಕೊನೆಯ ವಿಷಯ ಬಟ್ಟೆಯದಲ್ಲ, ಸೇತುವೆಯದು. ಯುದ್ಧ ಮುಗಿದ ಮೇಲೆ ಹಿರೋಶಿಮಾದ ಶಾಂತಿ ಉದ್ಯಾನದ ಪಕ್ಕದ ಎರಡು ಸೇತುವೆಗಳಿಗೆ ಇಸಾಮು ನೊಗುಚಿ ಎಂಬ ಶಿಲ್ಪಿ ಕಟಾಂಜನ ರೂಪಿಸಿದರು. ತಂದೆ ಜಪಾನಿ, ತಾಯಿ ಅಮೆರಿಕದವರು. ಸತ್ತವರ ಸ್ಮಾರಕಕ್ಕೂ ನೊಗುಚಿ ವಿನ್ಯಾಸ ಮಾಡಿದ್ದರು. ಅಮೆರಿಕದವರೆಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು, ಸೇತುವೆಗಳು ಮಾತ್ರ 1952ರಲ್ಲಿ ಸಿದ್ಧವಾದವು. ಒಂದರ ಕಟಾಂಜನ ಸೂರ್ಯನ ಕಡೆ ಮುಖವೆತ್ತಿದಂತಿದೆ, ಇನ್ನೊಂದರದು ದೋಣಿಯಂತೆ. ಹಿರೋಶಿಮಾದ ವಿದ್ಯಾರ್ಥಿಯಾಗಿದ್ದಾಗ ಮಿಯಾಕೆ ಇವನ್ನು ನೋಡುತ್ತಿದ್ದರು. ವಿನ್ಯಾಸ ಎಂಬುದಕ್ಕೆ ಮನುಷ್ಯರ ಮನಸ್ಸನ್ನು ಎತ್ತುವ ಶಕ್ತಿಯಿದೆ ಎಂದು ತಮಗೆ ತಿಳಿದದ್ದು ಅಲ್ಲೇ ಎಂದು ಮುಂದೆ ಹೇಳಿಕೊಂಡರು. ನೊಗುಚಿ ಅವರ ಆಪ್ತ ಸ್ನೇಹಿತರೂ ಆದರು.

ಆ ಕಟಾಂಜನಗಳಿಗೆ ಹೆಸರುಗಳಿವೆ, ಎರಡೂ ಕ್ರಿಯಾಪದಗಳು. ಒಂದಕ್ಕೆ ‘ತ್ಸುಕುರು’, ಮಾಡುವುದು. ಇನ್ನೊಂದಕ್ಕೆ ‘ಯುಕು’, ಹೊರಡುವುದು. ಎರಡರ ಮೇಲೂ ಈಗಲೂ ಜನ ದಾಟುತ್ತಾರೆ.